ಅನುಭವವಿಲ್ಲದ ಪದವೀಧರರ ಮೊದಲ ಉದ್ಯೋಗ: ಬಿಡದಿಯಿಂದ ಬಿಡಕಿನ್‌ವರೆಗೆ

ಬಿಡದಿ ಎಂದರೆ ಕನ್ನಡಿಗರಿಗೆ ಪರಿಚಯ ಹೇಳಬೇಕಾಗಿಲ್ಲ. ಬೆಂಗಳೂರು-ಮೈಸೂರು ರಸ್ತೆಯ ತಟ್ಟೆ ಇಡ್ಲಿಯ ಊರು ಅದು. 1999ರ ಡಿಸೆಂಬರ್‌ನಿಂದ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಕಾರ್ಖಾನೆಯ ಊರೂ ಹೌದು. ಬಿಡಕಿನ್ ಎಂಬ ಹೆಸರು ಮಾತ್ರ ನಮ್ಮಲ್ಲಿ ಬಹುಮಂದಿಗೆ ಹೊಸದು. ಮರಾಠವಾಡದ ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಜಿಲ್ಲೆಯ ಪೈಠಣ ತಾಲೂಕಿಗೆ ಸೇರಿದ ಈ ಊರು ಜಿಲ್ಲಾ ಕೇಂದ್ರದಿಂದ ದಕ್ಷಿಣಕ್ಕೆ, ಪೈಠಣ ರಸ್ತೆಯಲ್ಲಿ ಇದೆ. ದಿಲ್ಲಿ-ಮುಂಬಯಿ ಕೈಗಾರಿಕಾ ಕಾರಿಡಾರಿನ ಅಂಗವಾಗಿ ರೂಪುಗೊಂಡಿರುವ ಆರಿಕ್ ಕೈಗಾರಿಕಾ ನಗರದ ಒಟ್ಟು ಸುಮಾರು 10,000 ಎಕರೆ ಭೂಮಿಯಲ್ಲಿ 8,000 ಎಕರೆಯಷ್ಟು ಇಲ್ಲಿಯೇ ಬರುತ್ತದೆ. ಉಳಿದ ಸುಮಾರು 2,000 ಎಕರೆ ನಗರದ ಪೂರ್ವಕ್ಕಿರುವ ಶೇಂದ್ರಾದಲ್ಲಿದೆ. ಬಿಡಕಿನ್ ಕೈಗಾರಿಕಾ ಪ್ರದೇಶವನ್ನು ಪ್ರಧಾನಿಯವರು 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಅರ್ಪಿಸಿದರು.

ಕನ್ನಡಿಗರ ಗಮನ ಅತ್ತ ಹರಿಯಲು ವಿಶೇಷ ಕಾರಣವೊಂದಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯೇ 2024ರ ಜುಲೈ 31ರಂದು ಮಹಾರಾಷ್ಟ್ರ ಸರಕಾರದೊಡನೆ ಒಡಂಬಡಿಕೆ ಮಾಡಿಕೊಂಡು, ಈ ಜಿಲ್ಲೆಯಲ್ಲಿ ಹೊಸ ಕಾರ್ಖಾನೆ ಕಟ್ಟುವ ಇಂಗಿತವನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯುಳ್ಳ, 2013ರಲ್ಲಿ ಸ್ಥಾಪನೆಯಾದ ವಿದ್ಯುತ್ ಸ್ಕೂಟರಿನ ಏಥರ್ ಎನರ್ಜಿ ಸಂಸ್ಥೆಯು ಅದೇ ವರ್ಷ ಬಿಡಕಿನ್‌ನಲ್ಲಿ 2,000 ಕೋಟಿ ರೂಪಾಯಿಗೂ ಮೀರಿದ ಹೂಡಿಕೆಯನ್ನು ಘೋಷಿಸಿತು. ಜೆ.ಎಸ್.ಡಬ್ಲ್ಯು. ಸಮೂಹದ ವಿದ್ಯುತ್ ವಾಹನ ಯೋಜನೆಯೂ ಲುಬ್ರಿಜಾಲ್‌ನ ರಾಸಾಯನಿಕ ಘಟಕವೂ ಇದೇ ಸಾಲಿಗೆ ಸೇರುತ್ತವೆ. ಘೋಷಣೆಯ ವೇಳೆ ಟೊಯೋಟಾದಿಂದ 8,000, ಏಥರ್‌ನಿಂದ 4,000 ಉದ್ಯೋಗ ಎಂಬ ಅಂಕಿಗಳು ಪತ್ರಿಕೆಗಳಲ್ಲಿ ಬಂದವು. ಇಂಥ ಅಂಕಿಗಳನ್ನು ಓದಿ ಪದವಿ ಮುಗಿಸಿದ ಮಕ್ಕಳೂ ಅವರ ತಂದೆತಾಯಿಗಳೂ ಆಸೆಪಡುವುದು ಸಹಜ. ಆದರೆ ಕೈಗಾರಿಕಾ ವಲಯದ ಯಾವ ಜಾಹೀರಾತನ್ನು ತೆರೆದರೂ ಕೊನೆಯ ಸಾಲಿನಲ್ಲಿ ಒಂದೇ ಮಾತು: 'ಎರಡರಿಂದ ಮೂರು ವರ್ಷಗಳ ಅನುಭವ ಅವಶ್ಯಕ.' ಯಾರೂ ಕೆಲಸ ಕೊಡದೆ ಅನುಭವ ಬರುವುದೆಲ್ಲಿಂದ? ಈ ಪ್ರಶ್ನೆಗೆ ನಮ್ಮ ದೇಶದ ಕಾನೂನಿನಲ್ಲಿಯೇ ಉತ್ತರವೊಂದಿದೆ. ಅದನ್ನು ಬಲ್ಲವರು ಕಡಿಮೆ.

ಹಿಂದಿನವರ ಬಾಗಿಲುಗಳು

ಮುಂಬಯಿ ಕನ್ನಡಿಗರ ಇತಿಹಾಸವೆಂದರೆ ಒಂದರ್ಥದಲ್ಲಿ ಮೊದಲ ಉದ್ಯೋಗದ ಇತಿಹಾಸವೇ. ಕರಾವಳಿಯಿಂದ ಬಂದ ಹುಡುಗ ಉಡುಪಿ ಹೋಟೆಲಿನಲ್ಲಿ ಮೇಜು ಒರೆಸುವಲ್ಲಿಂದ ಆರಂಭಿಸಿ, ತಿಂಡಿ ಬಡಿಸಿ, ಕೊನೆಗೆ ಗಲ್ಲಾದ ಮುಂದೆ ಕುಳಿತ. ಹಗಲು ದುಡಿದು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ. ಅವನನ್ನು ಯಾರೂ ಅನುಭವ ಕೇಳಲಿಲ್ಲ. 'ಇವನು ನಮ್ಮೂರಿನವನು, ಇಂಥವರ ಮಗ' ಎಂದು ಹಿರಿಯರೊಬ್ಬರು ಹೇಳಿದ ಮಾತೇ ಅವನ ಪ್ರಮಾಣಪತ್ರವಾಗಿತ್ತು.

ಎರಡನೆಯ ಬಾಗಿಲು ಬ್ಯಾಂಕುಗಳದು. ಕೆನರಾ ಮತ್ತು ಕಾರ್ಪೊರೇಷನ್ (1906), ಸಿಂಡಿಕೇಟ್ (1925), ವಿಜಯಾ (1931): ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಈ ಬ್ಯಾಂಕುಗಳು ಎಸ್ಸೆಸ್ಸೆಲ್ಸಿ, ಬಿ.ಕಾಂ. ಮುಗಿಸಿದ ಸಾವಿರಾರು ಮಂದಿಗೆ ಮೊದಲ ಸಂಬಳ ಕೊಟ್ಟವು. 1969 ಮತ್ತು 1980ರ ರಾಷ್ಟ್ರೀಕರಣದ ಬಳಿಕ ಈ ಬಾಗಿಲಿನ ಕಾವಲು ಬದಲಾಯಿತು. 2011ರಿಂದ ಸರಕಾರಿ ಬ್ಯಾಂಕುಗಳ ನೇಮಕಾತಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ನಡೆಯತೊಡಗಿತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದೊಡನೆ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದೊಡನೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಡನೆ ವಿಲೀನವಾದವು. ಹೀಗೆ ನಾಲ್ಕರಲ್ಲಿ ಮೂರು ಹೆಸರುಗಳು ಫಲಕದಿಂದಲೇ ಮರೆಯಾದವು.

ಈ ಎರಡು ಬಾಗಿಲುಗಳನ್ನೂ ತೆರೆದದ್ದು ಪರಿಚಯ. ಇಂದಿನ ಕೈಗಾರಿಕಾ ವಲಯದಲ್ಲಿ ಪರಿಚಯದ ಬೆಲೆ ಅರ್ಜಿಯನ್ನು ಸರಿಯಾದ ಮೇಜಿಗೆ ತಲಪಿಸುವಷ್ಟಕ್ಕೇ ಸೀಮಿತ. ಅಲ್ಲಿಂದ ಮುಂದೆ ಕೇಳುವುದು ದಾಖಲೆ. ಯಾರು ನೇಮಿಸಿದರು, ಎಂದಿನಿಂದ ಎಂದಿನವರೆಗೆ, ಏನು ಕೆಲಸ, ಸಂಬಳ ಯಾವ ಖಾತೆಗೆ ಬಂತು? ಕಾಗದ ಉಳಿಸದ ಕೆಲಸ ಇವರ ಲೆಕ್ಕದಲ್ಲಿ ಅನುಭವವಲ್ಲ. ಎರಡು ವರ್ಷ ಪ್ರಾಮಾಣಿಕವಾಗಿ ದುಡಿದೂ ಕೈಯಲ್ಲಿ ಒಂದು ಚೀಟಿಯಿಲ್ಲದ ಯುವಕನು ಮೂರನೆಯ ವರ್ಷ ಮತ್ತೆ ಹೊಸಬನಾಗಿಯೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಮೊದಲ ಉದ್ಯೋಗವನ್ನು ಆರಿಸುವಾಗ ಸಂಬಳದ ಜೊತೆಗೆ, ಕೆಲವೊಮ್ಮೆ ಸಂಬಳಕ್ಕಿಂತಲೂ ಮೊದಲು ನೋಡಬೇಕಾದದ್ದು ಇದನ್ನು.

ಅನುಭವ ಇಲ್ಲದಿರುವುದೇ ಅರ್ಹತೆ

1961ರ ಅಪ್ರೆಂಟಿಸ್ ಕಾಯ್ದೆಯ ಹೆಸರು ಕೇಳಿದೊಡನೆ ಐ.ಟಿ.ಐ. ಓದಿದ ಫಿಟ್ಟರ್, ಟರ್ನರ್‌ಗಳಷ್ಟೇ ನೆನಪಾಗುತ್ತಾರೆ. 1973ರ ತಿದ್ದುಪಡಿಯು ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರೊಳಗೆ ತಂದಿತು. 2014ರ ತಿದ್ದುಪಡಿಯು ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಂತಾದ ತಾಂತ್ರಿಕೇತರ ಪದವೀಧರರಿಗೂ ದಾರಿ ತೆರೆಯಿತು. ಈ ಕೊನೆಯ ಸಂಗತಿ ಇನ್ನೂ ನಮ್ಮ ಮನೆಗಳನ್ನು ತಲಪಿದಂತಿಲ್ಲ.

ಈ ಕಾಯ್ದೆಯಡಿ ಪದವೀಧರರಿಗಾಗಿ ನಡೆಯುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಗಮನಾರ್ಹವಾದ ಒಂದು ನಿಯಮವಿದೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಉದ್ಯೋಗಾನುಭವ ಇದ್ದವರನ್ನು ಇದಕ್ಕೆ ತೆಗೆದುಕೊಳ್ಳುವಂತಿಲ್ಲ. ಎಲ್ಲೆಡೆ ಅಡ್ಡಿಯಾಗುವ ಕೊರತೆ ಇಲ್ಲಿ ಪ್ರವೇಶಪತ್ರವಾಗುತ್ತದೆ. ಇದರಿಂದ ಹೊರಡುವ ಮುಖ್ಯವಾದ ಎಚ್ಚರಿಕೆಯೂ ಒಂದುಂಟು. ಪದವಿ ಮುಗಿದ ಕೂಡಲೇ ಸಿಕ್ಕಿದ ಯಾವುದೋ ಗುತ್ತಿಗೆ ಕೆಲಸಕ್ಕೆ ಸೇರಿ ಹದಿಮೂರು ತಿಂಗಳು ಕಳೆದವನಿಗೆ ಈ ಬಾಗಿಲು ಮುಚ್ಚಿರುತ್ತದೆ. ಪದವಿ ಪಡೆದು ಹೆಚ್ಚು ವರ್ಷ ಕಳೆದವರಿಗೂ ಅವಕಾಶ ಇರುವುದಿಲ್ಲ. ಆದುದರಿಂದ ಇದನ್ನು ಯೋಚಿಸಬೇಕಾದದ್ದು ಅಂಕಪಟ್ಟಿ ಕೈಗೆ ಬಂದ ಮೊದಲ ವರ್ಷದಲ್ಲಿಯೇ.

ಕಾರ್ಖಾನೆಗಳಿಗೆ ಇದು ಧರ್ಮಕಾರ್ಯವಲ್ಲ, ಕಾನೂನಿನ ಕಟ್ಟಳೆ. 2019ರ ತಿದ್ದುಪಡಿಯಂತೆ 30 ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಯೂ ತನ್ನ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು. ಒಂದು ಸಾವಿರ ನೌಕರರ ಕಾರ್ಖಾನೆ ಎಂದರೆ ಕನಿಷ್ಠ 25 ಸ್ಥಾನ. ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂ., ಡಿಪ್ಲೊಮಾದವರಿಗೆ 8,000 ರೂ. ಭತ್ಯೆ ಎಂದು ಅದೇ ತಿದ್ದುಪಡಿ ಗೊತ್ತುಪಡಿಸಿತು. ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರಕಾರ ಭರಿಸುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿಯು ಭತ್ಯೆಯನ್ನು ಶೇ. 36ರಷ್ಟು ಏರಿಸಲು ಶಿಫಾರಸು ಮಾಡಿತು. ಒಪ್ಪಂದಕ್ಕೆ ಸಹಿ ಹಾಕುವ ದಿನ ಜಾರಿಯಲ್ಲಿರುವ ದರ ಯಾವುದೆಂದು ಕೇಳಿ ತಿಳಿಯುವುದು ಒಳಿತು. ಮೊತ್ತ ಸಣ್ಣದೆಂಬುದು ನಿಜ. ಸಂಭಾಜಿನಗರದಲ್ಲಿ ಕೊಠಡಿ ಬಾಡಿಗೆ, ಊಟ, ಓಡಾಟ ಕಳೆದರೆ ಊರಿಗೆ ಕಳಿಸಲು ಏನೂ ಉಳಿಯದು. ಮನೆಯ ಸಾಲ ತೀರಿಸಬೇಕಾದ ಹೊಣೆ ಹೊತ್ತವರಿಗೆ ಈ ದಾರಿ ಕಠಿಣವೇ. ಆದರೂ ಒಂದು ವರ್ಷ ಮನೆಯವರ ಆಸರೆ ಸಿಗುವಂತಿದ್ದರೆ, ಅದೇ ವರ್ಷವನ್ನು ದುಬಾರಿ ಶುಲ್ಕದ ಕೋಚಿಂಗ್ ತರಗತಿಗಳಲ್ಲಿ ಕಳೆಯುವುದಕ್ಕಿಂತ ಇದು ಲೇಸು ಎಂಬುದು ನಮ್ಮ ಅಭಿಪ್ರಾಯ.

ತರಬೇತಿ ಮುಗಿದಾಗ ಸಿಗುವ ಪ್ರಮಾಣಪತ್ರವನ್ನು ನೀಡುವುದು ಕಂಪೆನಿಯಲ್ಲ, ಕೇಂದ್ರ ಶಿಕ್ಷಣ ಸಚಿವಾಲಯದಡಿಯ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಉದ್ಯೋಗ ವಿನಿಮಯ ಕೇಂದ್ರಗಳಲ್ಲಿ ಇದನ್ನು ಉದ್ಯೋಗಾನುಭವವೆಂದು ನೋಂದಾಯಿಸಬಹುದು. 'ಅನುಭವ' ಎಂದು ಸರಕಾರದ ಮುದ್ರೆಯೊಡನೆ ಹೇಳುವ ಇಂಥ ಕಾಗದ ಹೊಸ ಪದವೀಧರನಿಗೆ ಬೇರೆ ಕಡೆ ಸುಲಭವಾಗಿ ದೊರೆಯದು.

ಮಿತಿಗಳನ್ನೂ ಮುಚ್ಚಿಡಬಾರದು. ಕಾಯ್ದೆಯ 18ನೆಯ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಸುರಕ್ಷತೆ, ಅಪಘಾತ ಪರಿಹಾರ ಮುಂತಾದ ಕೆಲವು ವಿಷಯಗಳನ್ನು ಬಿಟ್ಟರೆ ಕಾರ್ಮಿಕ ಕಾನೂನುಗಳ ರಕ್ಷಣೆ ಅವನಿಗಿಲ್ಲ. ವರ್ಷ ಮುಗಿದ ಮೇಲೆ ಖಾಯಂ ಮಾಡಲೇಬೇಕೆಂಬ ಹಂಗೂ ಕಂಪೆನಿಗಿಲ್ಲ. ಆದರೆ ಉತ್ತರಪ್ರದೇಶ ರಾಜ್ಯ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ಉಳಿದೆಲ್ಲ ಅರ್ಹತೆ ಸಮಾನವಾಗಿದ್ದಾಗ ತರಬೇತಿ ಪಡೆದ ಅಪ್ರೆಂಟಿಸ್‌ಗೆ ನೇರ ನೇಮಕಾತಿಯವರಿಗಿಂತ ಆದ್ಯತೆ ಕೊಡಬೇಕೆಂದು ಹೇಳಿದೆ. ಸಾರ್ವಜನಿಕ ಸಂಸ್ಥೆಗಳಿಗೆ ಅರ್ಜಿ ಹಾಕುವವರು ಈ ತೀರ್ಪನ್ನು ನೆನಪಿನಲ್ಲಿಡಬೇಕು.

ಮಹಾರಾಷ್ಟ್ರದ ಕಾರ್ಖಾನೆಗಳು ಬರುವುದು ಪಶ್ಚಿಮ ವಲಯ ಮಂಡಳಿಯ ವ್ಯಾಪ್ತಿಗೆ. ಅದರ ಕಚೇರಿ ಮುಂಬಯಿಯ ಸಾಯನ್‌ನಲ್ಲಿ, ಮಾಟುಂಗಾದ ಕನ್ನಡಿಗರಿಗೆ ಕೂಗಳತೆಯ ದೂರದಲ್ಲಿದೆ. ಕರ್ನಾಟಕದ ಕಾರ್ಖಾನೆಗಳನ್ನು ನೋಡಿಕೊಳ್ಳುವುದು ಚೆನ್ನೈಯಲ್ಲಿರುವ ದಕ್ಷಿಣ ವಲಯ ಮಂಡಳಿ. ನೋಂದಣಿ ಅಂತರಜಾಲದಲ್ಲಿಯೇ ನಡೆಯುತ್ತದೆ, ಶುಲ್ಕವಿಲ್ಲ.

ಎಲ್ಲಿ ಬಾಗಿಲು ತಟ್ಟಬೇಕು?

ಬಿಡಕಿನ್‌ಗೆ ಹೋಗಿ ಟೊಯೋಟಾ ಕಾರ್ಖಾನೆಯ ದ್ವಾರ ಎಲ್ಲಿ ಎಂದು ಹುಡುಕುವುದಲ್ಲ. ಒಡಂಬಡಿಕೆಗೂ ಮೊದಲ ಕಾರು ಹೊರಬರುವುದಕ್ಕೂ ನಡುವೆ ವರ್ಷಗಳ ಅಂತರವಿರುತ್ತದೆ. ಆ ಮಧ್ಯೆ ಬೇಕಾಗುವವರು ಕಟ್ಟಡ ಕಟ್ಟುವವರು, ಯಂತ್ರ ಕೂರಿಸುವವರು ಮತ್ತು ಬೇರೆಡೆ ಪಳಗಿದ ಹಿರಿಯ ಎಂಜಿನಿಯರುಗಳು. ಹೊಸ ಪದವೀಧರರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವುದು ಉತ್ಪಾದನೆ ಆರಂಭವಾಗುವ ಹೊತ್ತಿಗೆ.

ಅಲ್ಲಿಯವರೆಗೆ ಕಲಿಯುವ ಜಾಗ ಹತ್ತಿರದಲ್ಲೇ ಇದೆ. ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್ ಆಟೋ 1985ರಲ್ಲಿ ಕಾರ್ಖಾನೆ ತೆರೆದ ಮೇಲೆ ಅದರ ಸುತ್ತ ಬಿಡಿಭಾಗ ತಯಾರಿಸುವ ಘಟಕಗಳ ದೊಡ್ಡ ಬಳಗವೇ ಬೆಳೆಯಿತು. ಇಂದು ದೇಶದಾದ್ಯಂತ ಹೆಸರಾದ ಎಂಡ್ಯೂರೆನ್ಸ್, ವ್ಯಾರಾಕ್ ಸಂಸ್ಥೆಗಳು ಹೀಗೆ ಇಲ್ಲಿಂದಲೇ ಬೆಳೆದವು. 2001ರಲ್ಲಿ ಸ್ಕೋಡಾ ಶೇಂದ್ರಾಕ್ಕೆ ಬಂತು. ಚಿಕಲ್‌ಠಾಣಾದ ಇಂಡೋ-ಜರ್ಮನ್ ಟೂಲ್ ರೂಮ್, ನಮ್ಮ ಕರ್ನಾಟಕದ ಜಿ.ಟಿ.ಟಿ.ಸಿ.ಯಂತೆಯೇ, ಅಚ್ಚು ಮತ್ತು ಉಪಕರಣ ತಯಾರಿಕೆಯಲ್ಲಿ ತರಬೇತಿ ನೀಡುತ್ತದೆ. ದೊಡ್ಡ ಹೆಸರಿನ ಮೋಹ ಬಿಟ್ಟು ಈ ಬಿಡಿಭಾಗ ಘಟಕಗಳಿಗೆ ಮೊದಲ ಅರ್ಜಿ ಹಾಕುವುದು ಜಾಣತನ. ನೂರು ಮಂದಿಯ ಘಟಕದಲ್ಲಿ ಹೊಸಬನೊಬ್ಬ ಒಂದೇ ವರ್ಷದಲ್ಲಿ ಸ್ಟೋರ್ಸ್, ಗುಣಮಟ್ಟ ತಪಾಸಣೆ, ಡಿಸ್‌ಪ್ಯಾಚ್ ಮೂರನ್ನೂ ಕಾಣುತ್ತಾನೆ. ಹತ್ತು ಸಾವಿರ ಮಂದಿಯ ಕಾರ್ಖಾನೆಯಲ್ಲಿ ಅದೇ ವರ್ಷ ಒಂದೇ ಯಂತ್ರದ ಮುಂದೆ ಕಳೆಯಬಹುದು. ನಾಳೆ ಬಿಡಕಿನ್‌ನ ದೊಡ್ಡ ಕಾರ್ಖಾನೆಗಳು ಬಿಡಿಭಾಗಕ್ಕಾಗಿ ನೋಡುವುದೂ ಇಂಥ ಘಟಕಗಳ ಕಡೆಗೇ.

ಬಿ.ಕಾಂ., ಬಿ.ಎ. ಓದಿದವರು 'ಕಾರ್ಖಾನೆಯಲ್ಲಿ ನಮಗೇನು ಕೆಲಸ?' ಎಂದು ಹಿಂದೆ ಸರಿಯುವುದುಂಟು. ಬಂದ ಸರಕಿನ ಲೆಕ್ಕ, ಜಿ.ಎಸ್.ಟಿ. ಬಿಲ್ಲು, ಗೇಟ್ ಪಾಸ್, ಹಾಜರಿ ಮತ್ತು ಸಂಬಳದ ಪಟ್ಟಿ, ಪೂರೈಕೆದಾರರೊಡನೆ ಪತ್ರವ್ಯವಹಾರ, ಇವಿಲ್ಲದೆ ಯಾವ ಕಾರ್ಖಾನೆಯೂ ಒಂದು ದಿನ ನಡೆಯದು. ಪಕ್ಕದ ನಾಶಿಕ್ ಜಿಲ್ಲೆಯ ಓಝರ್‌ನಲ್ಲಿ 1964ರಿಂದ ಇರುವ ಹಿಂದುಸ್ತಾನ್ ಏರೋನಾಟಿಕ್ಸ್ ವಿಭಾಗವು ಪದವೀಧರ ಅಪ್ರೆಂಟಿಸ್‌ಗಳನ್ನು ಕರೆದಾಗ ತಾಂತ್ರಿಕೇತರ ಪದವೀಧರರಿಗೂ ಸ್ಥಾನ ಕೊಟ್ಟಿದೆ. ಎಚ್.ಎ.ಎಲ್.ನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ನಾಶಿಕ್‌ನ ಸಾತ್ಪುರದಲ್ಲಿ ಕಾರ್ಖಾನೆಯುಳ್ಳ ಬಾಷ್ ಸಂಸ್ಥೆ ಬೆಂಗಳೂರಿನ ಹಳಬರ ಬಾಯಲ್ಲಿ ಇಂದಿಗೂ 'ಮೈಕೋ'. ಮರಾಠಿ ನೆಲದ ಕಾರ್ಖಾನೆ, ಕನ್ನಡ ನೆಲದ ಮುಖ್ಯ ಕಚೇರಿ ಎಂಬ ಜೋಡಿ ಬಿಡಕಿನ್‌ನಿಂದ ಶುರುವಾದದ್ದಲ್ಲ.

ಬಿಡದಿಯಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇಲ್ಲಿ ಪ್ರಸ್ತುತ. ಟೊಯೋಟಾ 2007ರಲ್ಲಿ ಅಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯನ್ನು ತೆರೆದು, ಕರ್ನಾಟಕದ ಗ್ರಾಮೀಣ ಭಾಗದ, ಹತ್ತನೆಯ ತರಗತಿ ಮುಗಿಸಿದ ಮಕ್ಕಳನ್ನು ಆರಿಸಿ ಮೂರು ವರ್ಷ ತಾನೇ ಕಲಿಸತೊಡಗಿತು. ಅನುಭವವುಳ್ಳವರು ಸಿಗುವರೆಂದು ಕಾಯದೆ, ಏನೂ ಅರಿಯದವರನ್ನು ತೆಗೆದುಕೊಂಡು ತನ್ನ ಪದ್ಧತಿಗೆ ಪಳಗಿಸುವುದು ಅದರ ರೀತಿ. ಜಾಹೀರಾತಿನಲ್ಲಿ 'ಅನುಭವ' ಎಂಬ ಪದ ಇದ್ದ ಮಾತ್ರಕ್ಕೆ ಎಲ್ಲ ಕಂಪೆನಿಗಳಿಗೂ ಬೇಕಾದದ್ದು ಅದೇ ಎಂದು ತಿಳಿಯಬೇಕಾಗಿಲ್ಲ.

ಸ್ಥಳೀಯರು ಯಾರು?

ಬಿಡಕಿನ್‌ನಂಥ ಕಡೆ ಅರ್ಜಿ ಹಾಕುವ ಕನ್ನಡಿಗರು ಮೊದಲೇ ತಿಳಿದಿರಬೇಕಾದ ವಿಷಯವಿದು. ಸರಕಾರದ ಪ್ರೋತ್ಸಾಹ ಸವಲತ್ತು ಪಡೆಯುವ ಕೈಗಾರಿಕೆಗಳು ಶೇ. 80ರಷ್ಟು ಉದ್ಯೋಗಗಳನ್ನು, ಮೇಲ್ವಿಚಾರಕ ದರ್ಜೆಯಲ್ಲಿ ಶೇ. 50ರಷ್ಟನ್ನು ಸ್ಥಳೀಯರಿಗೆ ಕೊಡಬೇಕೆಂಬುದು ಮಹಾರಾಷ್ಟ್ರದ ಧೋರಣೆ. 1968ರಲ್ಲಿ ಮೂಡಿದ ಈ ನಿಯಮವನ್ನು 2008ರ ಸರಕಾರಿ ಆದೇಶ ಮತ್ತೆ ದೃಢಪಡಿಸಿತು. ಇಲ್ಲಿ ಸ್ಥಳೀಯ ಎಂದರೆ 15 ವರ್ಷ ಮಹಾರಾಷ್ಟ್ರದಲ್ಲಿ ವಾಸವಿದ್ದವರು; ಮಾತೃಭಾಷೆ ಯಾವುದೆಂಬುದು ಅಳತೆಗೋಲಲ್ಲ. ಕುತೂಹಲದ ಸಂಗತಿಯೆಂದರೆ, 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿಯೂ ಕನ್ನಡಿಗ ಯಾರೆಂದು ಹೇಳುವಾಗ 15 ವರ್ಷಗಳ ವಾಸವನ್ನೇ ಹಿಡಿದು, ಜೊತೆಗೆ ಕನ್ನಡದ ಜ್ಞಾನವನ್ನೂ ಕೇಳಿತ್ತು. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿದ ಸ್ಥಳೀಯ ಮೀಸಲಾತಿ ಮಸೂದೆ ಉದ್ಯಮಿಗಳ ವಿರೋಧದ ಬಳಿಕ ತಡೆಹಿಡಿಯಲ್ಪಟ್ಟಿತು.

ಹೀಗಾಗಿ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗನೂ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳಲ್ಲಿ ಓದಿದವನೂ ಬಿಡಕಿನ್‌ನಲ್ಲಿ ಸ್ಥಳೀಯನೇ. ಬೀದರ, ಕಲಬುರಗಿ, ವಿಜಯಪುರದಿಂದ ಬರುವವನು ಅಲ್ಲ. ಅವನು ಉಳಿದ ಪಾಲಿನಲ್ಲಿ ಸ್ಪರ್ಧಿಸಬೇಕು. ಮೊದಲ ವರ್ಗದವರು ತಹಶೀಲ್ದಾರರ ಕಚೇರಿಯ ಅಧಿವಾಸ ಪ್ರಮಾಣಪತ್ರ, ಎಂದರೆ ಎಲ್ಲರೂ ಡೊಮಿಸೈಲ್ ಎನ್ನುವ ಕಾಗದವನ್ನು ಪದವಿಯ ಕೊನೆಯ ವರ್ಷದಲ್ಲಿಯೇ ಮಾಡಿಸಿಟ್ಟುಕೊಳ್ಳಬೇಕು. ಸಂದರ್ಶನದ ಕರೆ ಬಂದ ಮೇಲೆ ಶಾಲೆ ಬಿಟ್ಟ ಪ್ರಮಾಣಪತ್ರ, ಹಳೆಯ ರೇಷನ್ ಕಾರ್ಡ್ ಹುಡುಕುತ್ತ ಓಡಾಡುವುದು ಬೇಡ.

ರಾಜ್ಯ ಸರಕಾರಗಳ ನೆರವಿಗೂ ಇದೇ ಗೆರೆ. 2024ರಲ್ಲಿ ಮಹಾರಾಷ್ಟ್ರ ಆರಂಭಿಸಿದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯು ಪದವೀಧರರಿಗೆ ತಿಂಗಳಿಗೆ 10,000 ರೂ. ವಿದ್ಯಾವೇತನದೊಡನೆ ಆರು ತಿಂಗಳ ಕಾರ್ಯತರಬೇತಿಯನ್ನು ರಾಜ್ಯದ ನಿವಾಸಿಗಳಿಗೆ ನೀಡಿತು. ಮುಂದೆ ಅವಧಿಯನ್ನು 11 ತಿಂಗಳಿಗೆ ವಿಸ್ತರಿಸಲಾಯಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಕರ್ನಾಟಕದ ಯುವನಿಧಿ ಪದವೀಧರರಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ.ಗಳನ್ನು ಗರಿಷ್ಠ ಎರಡು ವರ್ಷ ಕೊಡುವ ಯೋಜನೆ. ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ಕೇಂದ್ರ ಸರಕಾರ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ತೆರೆದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ರಾಜ್ಯದ ಗಡಿಯಿಲ್ಲ. ಆದರೆ ಪ್ರಾಯೋಗಿಕ ಹಂತದ ನಿಯಮದಂತೆ ಅಪ್ರೆಂಟಿಸ್‌ಶಿಪ್ ಮುಗಿಸಿದವರು ಅದಕ್ಕೆ ಅರ್ಹರಲ್ಲ. ಯಾವುದು ಮೊದಲು, ಯಾವುದು ನಂತರ ಎಂಬುದನ್ನು ನೋಡಿಯೇ ಅರ್ಜಿ ಹಾಕಬೇಕು.

ಭಾಷೆಯ ಮಾತು. ಕಾರ್ಖಾನೆಯ ಒಳಾಂಗಣದಲ್ಲಿ ಮರಾಠಿಯೂ ಹಿಂದಿಯೂ ನಡೆಯುತ್ತವೆ, ಕಡತ ಇಂಗ್ಲಿಷಿನಲ್ಲಿರುತ್ತದೆ. ಮುಂಬಯಿ, ಸೊಲ್ಲಾಪುರಗಳಲ್ಲಿ ಬೆಳೆದ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತಿರುತ್ತಾರೆ, ಮನೆಯಲ್ಲಿ ಕನ್ನಡ ಅಥವಾ ತುಳು. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಮರಾಠವಾಡದಲ್ಲಿ ಕಾರ್ಖಾನೆ ಇರುವ ಕಂಪೆನಿಗೆ ಎರಡೂ ಕಡೆ ಫೋನೆತ್ತಿ ಮಾತಾಡಬಲ್ಲವರು ಉಪಯುಕ್ತರೇ. ಕೇವಲ ಇದರಿಂದ ಕೆಲಸ ಸಿಗದು. ಆದರೆ ಅರ್ಜಿಯಲ್ಲಿ 'ಬಲ್ಲ ಭಾಷೆಗಳು' ಎಂಬಲ್ಲಿ ಕನ್ನಡವನ್ನು ಬರೆಯಲು ಸಂಕೋಚಪಡುವುದು ಏತಕ್ಕೆಂದು ತಿಳಿಯದು. ಅಂದಹಾಗೆ, ಇದು ನಮಗೆ ಪೂರ್ತಿ ಪರನೆಲವೂ ಅಲ್ಲ. ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸಿದ ಗೋದಾವರಿ ಹರಿಯುವುದು ಪೈಠಣದಲ್ಲಿ. ಎಲ್ಲೋರದ ಕೈಲಾಸನಾಥ ರಾಷ್ಟ್ರಕೂಟ ಕೃಷ್ಣನ ಕಾಲದ್ದು. 1956ರವರೆಗೆ ಔರಂಗಾಬಾದ್ ಮತ್ತು ಬೀದರ, ಕಲಬುರಗಿ, ರಾಯಚೂರು ಒಂದೇ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಾಗಿದ್ದವು.

ಕಾಗದ ಉಳಿಸುವ ಕೆಲಸ

ಅಪ್ರೆಂಟಿಸ್‌ಶಿಪ್ ಸಿಗದೆ ನೇರವಾಗಿ ಕೆಲಸಕ್ಕೆ ಸೇರುವವರೇ ಹೆಚ್ಚು. ಅವರಲ್ಲಿ ಅನೇಕರು ಸೇರುವುದು ಗುತ್ತಿಗೆದಾರರ ಮೂಲಕ. ದೊಡ್ಡ ಕಂಪೆನಿಯ ಗೇಟಿನೊಳಗೆ, ಅದರದೇ ಸಮವಸ್ತ್ರ ತೊಟ್ಟು ದುಡಿದರೂ ದಾಖಲೆಯಲ್ಲಿ ಧಣಿ ಆ ಗುತ್ತಿಗೆದಾರನೇ. ಕೆಲಸ ಬಿಟ್ಟ ದಿನ ಕಂಪೆನಿ 'ಇವರು ನಮ್ಮವರಲ್ಲ' ಎನ್ನುತ್ತದೆ. ಗುತ್ತಿಗೆದಾರನ ಫೋನು ಅಷ್ಟರಲ್ಲಿ ಬದಲಾಗಿರುತ್ತದೆ. ಗುತ್ತಿಗೆ ಕೆಲಸವೇ ಬೇಡವೆನ್ನಲು ಎಲ್ಲರಿಗೂ ಸಾಧ್ಯವಿಲ್ಲ. ಸೇರುವ ಮುನ್ನ ಮೂರು ಪ್ರಶ್ನೆ ಕೇಳುವುದು ಸಾಧ್ಯ: ನೇಮಕಾತಿ ಪತ್ರ ಕೊಡುತ್ತೀರಾ, ಸಂಬಳ ಬ್ಯಾಂಕಿಗೆ ಬರುತ್ತದೆಯೇ, ಪಿ.ಎಫ್. ಯಾರ ಹೆಸರಿನ ಅಡಿಯಲ್ಲಿ ಕಟ್ಟುತ್ತೀರಿ?

2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ಆದುದರಿಂದ ಪತ್ರ ಕೇಳುವುದು ಉದ್ಧಟತನವಲ್ಲ. ಭವಿಷ್ಯನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆ ಇನ್ನೂ ಒಂದು ಸಾಕ್ಷಿ. ಯಾವ ತಿಂಗಳು ಯಾವ ಸಂಸ್ಥೆಯಲ್ಲಿದ್ದಿರಿ ಎಂಬುದು ಅದರಲ್ಲಿ ದಾಖಲಾಗುತ್ತದೆ, ಮುಂದಿನ ಕಂಪೆನಿಯ ಪರಿಶೀಲನೆಗೂ ಅದೇ ಆಧಾರವಾಗುತ್ತದೆ. ಬಿಡಕಿನ್‌ಗೆ ಹೋಗುವ ದಾರಿಯಲ್ಲಿಯೇ ಚಿತೇಗಾಂವ್ ಇದೆ. ಒಂದು ಕಾಲಕ್ಕೆ ಮನೆಮನೆಗೆ ಟಿ.ವಿ., ಫ್ರಿಜ್ ತಲಪಿಸಿದ ವಿಡಿಯೋಕಾನ್ ಸಂಸ್ಥೆಯ ಕಾರ್ಖಾನೆ ಇದ್ದ ಊರು. ಆ ಸಂಸ್ಥೆ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು. ಎಷ್ಟೇ ದೊಡ್ಡ ಕಂಪೆನಿಯಾದರೂ ನಾಳೆ ಪತ್ರ ಬರೆದುಕೊಡಲು ಇರುತ್ತದೆಂಬ ಖಾತರಿಯಿಲ್ಲ. ಭವಿಷ್ಯನಿಧಿಯ ದಾಖಲೆ ಮಾತ್ರ ಉಳಿದಿರುತ್ತದೆ.

ಮೊದಲ ಸಲ ಕೆಲಸಕ್ಕೆ ಸೇರುವವರಿಗೆ ಸದ್ಯ ಇನ್ನೊಂದು ಅನುಕೂಲವಿದೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಸೃಷ್ಟಿಯಾಗುವ ಉದ್ಯೋಗಗಳಿಗಾಗಿ ಕೇಂದ್ರ ಸರಕಾರ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯನ್ನು ತಂದಿದೆ. ತಿಂಗಳಿಗೆ ಒಂದು ಲಕ್ಷ ರೂಪಾಯಿವರೆಗಿನ ವೇತನದ ಮೇಲೆ ಭವಿಷ್ಯನಿಧಿಗೆ ಮೊದಲ ಬಾರಿ ಸದಸ್ಯರಾಗುವವರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂ., ಎರಡು ಕಂತುಗಳಲ್ಲಿ ದೊರೆಯುತ್ತದೆ: ಒಂದು ಆರು ತಿಂಗಳು ಮುಗಿದಾಗ, ಇನ್ನೊಂದು ವರ್ಷ ತುಂಬಿದಾಗ. ಹೆಚ್ಚುವರಿ ನೌಕರರನ್ನು ತೆಗೆದುಕೊಂಡ ಮಾಲಕರಿಗೆ ತಲಾ ತಿಂಗಳಿಗೆ 3,000 ರೂ.ವರೆಗೆ ಎರಡು ವರ್ಷ, ತಯಾರಿಕಾ ಕ್ಷೇತ್ರದಲ್ಲಾದರೆ ನಾಲ್ಕು ವರ್ಷ ಸಿಗುತ್ತದೆ. ಕಾಯ್ದೆಯಡಿಯ ಅಪ್ರೆಂಟಿಸ್ ಭವಿಷ್ಯನಿಧಿಯ ಸದಸ್ಯನಲ್ಲ. ಹಾಗಾಗಿ ತರಬೇತಿ ಮುಗಿಸಿ ಈ ಅವಧಿಯೊಳಗೆ ಕೆಲಸಕ್ಕೆ ಸೇರಿದರೆ ಅವನೂ ಇಲ್ಲಿ ಮೊದಲಿಗನೇ. ಸಣ್ಣ ಘಟಕಗಳ ಮಾಲಕರಲ್ಲಿ ಕೆಲವರಿಗೆ ಈ ಯೋಜನೆ ತಿಳಿದಿರಲಾರದು. ಸಂದರ್ಶನದಲ್ಲಿ ವಿನಯದಿಂದ ಹೇಳಿದರೆ ತಪ್ಪೇನಿಲ್ಲ.

ಅರ್ಜಿಯಲ್ಲಿ ಏನು ಬರೆಯಬೇಕು?

ಎರಡು ಪುಟಕ್ಕೆ ಮೀರದ ಅರ್ಜಿ ಸಾಕು. 'ಪರಿಶ್ರಮಿ, ಪ್ರಾಮಾಣಿಕ' ಎಂದು ತನ್ನನ್ನು ತಾನೇ ಹೊಗಳಿಕೊಂಡ ಸಾಲುಗಳನ್ನು ಯಾರೂ ಓದುವುದಿಲ್ಲ. ಮಾಡಿದ ಕೆಲಸವನ್ನು ಅಂಕಿಯೊಡನೆ ಬರೆದರೆ ಓದುತ್ತಾರೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ತಾನು ಮಾಡಿದ ಭಾಗ ಯಾವುದು, ರಜೆಯಲ್ಲಿ ಚಿಕ್ಕಪ್ಪನ ಅಂಗಡಿಯ ಜಿ.ಎಸ್.ಟಿ. ಲೆಕ್ಕ ಎಷ್ಟು ತಿಂಗಳು ನೋಡಿಕೊಂಡೆ, ಸಂಘದ ವಾರ್ಷಿಕೋತ್ಸವದಲ್ಲಿ ಎಷ್ಟು ಮಂದಿಯ ಊಟದ ವ್ಯವಸ್ಥೆ ಮತ್ತು ಎಷ್ಟು ರೂಪಾಯಿಯ ಖರ್ಚಿನ ಲೆಕ್ಕ ತನ್ನ ಕೈಯಲ್ಲಿತ್ತು, ಇವೆಲ್ಲವೂ ಬರೆಯತಕ್ಕ ಸಂಗತಿಗಳೇ. ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳು ಯುವ ವಿಭಾಗದವರಿಗೆ ಹೂಗುಚ್ಛದ ಜೊತೆಗೆ ಹೀಗೆ ಏನು ಮಾಡಿದರೆಂದು ವಿವರವಾಗಿ ಬರೆದ ಪತ್ರವೊಂದನ್ನೂ ಕೊಡುವ ಪದ್ಧತಿ ಹಾಕಿಕೊಂಡರೆ ಬಹಳ ಉಪಕಾರವಾದೀತು. ಆದರೆ ಇಲ್ಲದ ಅನುಭವವನ್ನು ಇದೆಯೆಂದು ಬರೆಯಬಾರದು. ಭವಿಷ್ಯನಿಧಿಯ ದಾಖಲೆ ನೋಡುವ ಈ ಕಾಲದಲ್ಲಿ ಅದು ಕೂಡಲೇ ಹೊರಬೀಳುತ್ತದೆ.

ಹಣದ ವಿಚಾರ ಕೊನೆಗೆ. ದೊಡ್ಡ ಕಂಪೆನಿಗಳ ಹೆಸರು ಕೇಳಿಬಂದ ಊರಿಗೆ ಅವುಗಳ ಹೆಸರಿನ ನಕಲಿ ನೇಮಕಾತಿ ಪತ್ರಗಳೂ ಬರುತ್ತವೆ. 'ಸೀಟು ಖಾತ್ರಿ, ಠೇವಣಿ ಕಟ್ಟಿ', 'ಸಮವಸ್ತ್ರದ ಹಣ ಕಳಿಸಿ', 'ವೈದ್ಯಕೀಯ ತಪಾಸಣೆಯ ಶುಲ್ಕ ಇಂದೇ ಪಾವತಿಸಿ' ಎಂಬ ಸಂದೇಶ ಯಾವ ಹೆಸರಿನಲ್ಲಿ ಬಂದರೂ ಹಣ ಕಳಿಸಕೂಡದು. ಪತ್ರ ಬಂದದ್ದು ಕಂಪೆನಿಯ ಸ್ವಂತ ವಿಳಾಸದಿಂದಲೋ ಉಚಿತ ಇ-ಮೇಲ್ ವಿಳಾಸದಿಂದಲೋ ನೋಡಬೇಕು. ಕಂಪೆನಿಯ ಅಧಿಕೃತ ಜಾಲತಾಣದಲ್ಲಿರುವ ದೂರವಾಣಿಗೆ ಕರೆ ಮಾಡಿ ವಿಚಾರಿಸಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕರ್ನಾಟಕದಿಂದ ಹೋಗುವವರಿಗೆ ದಾರಿ ನೇರವಾಗಿದೆ. ಅಂಕೋಲಾದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ, ಬೀಡ್ ದಾಟಿ ಸಂಭಾಜಿನಗರ ಮುಟ್ಟುತ್ತದೆ; ಅದೇ ರಸ್ತೆ ಮುಂದೆ ಇದೇ ಜಿಲ್ಲೆಯ 'ಕನ್ನಡ್' ಎಂಬ ಹೆಸರಿನ ತಾಲೂಕಿನ ಮೂಲಕ ಧುಳೆಗೆ ಸಾಗುತ್ತದೆ. ಮುಂಬಯಿಯಿಂದ ಹೋಗುವವರಿಗೆ ರೈಲಲ್ಲದೆ 2025ರ ಜೂನ್‌ನಲ್ಲಿ ಪೂರ್ತಿಯಾಗಿ ತೆರೆದ ಸಮೃದ್ಧಿ ಮಹಾಮಾರ್ಗವೂ ಇದೆ. ನಗರದಿಂದ ಪೈಠಣದ ಕಡೆಗೆ ಹೋಗುವ ಬಸ್ಸು ಬಿಡಕಿನ್ ಮೂಲಕವೇ ಸಾಗುತ್ತದೆ. ಸಂದರ್ಶನಕ್ಕೆ ಹೊರಡುವಾಗ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಡೊಮಿಸೈಲ್ ಇವುಗಳ ಮೂಲಪ್ರತಿಗಳನ್ನು ತೋರಿಸಲು ಒಯ್ದು, ಕೊಟ್ಟುಬರುವಾಗ ನಕಲುಗಳನ್ನಷ್ಟೇ ಕೊಡಬೇಕು. ಮೂಲ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳುವೆನೆನ್ನುವ ಕಡೆ ಸೇರದಿರುವುದೇ ಕ್ಷೇಮ.